ಗ್ಯಾಸಿನ ಹಂಡೆ

ಗಂಡನ ಅಂಗಿಯನ್ನು ಭಾಗಮ್ಮ ಮತ್ತೆ ಮೂಸಿ ನೋಡಿದಳು. ಬೆಳ್ಳುಳ್ಳಿ ವಾಸನೆ. ಅದಕ್ಕೆ ಅವಳ ತಕರಾರಿಲ್ಲ; ಕಾರ್ಬೈಡ್ ಗ್ಯಾಸಿನ ವಾಸನೆಯೇ ಹಾಗೆ, ಅವಳ ಸೀರೆಗೂ ಅದು ಹತ್ತಿತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಘಮವಿತ್ತು. ಸಾಬೂನು. ಅವರ ಮನೆಯಲ್ಲಿ ಅಂಥ ಸಾಬೂನು ಇರಲಿಲ್ಲ.

"ಇವತ್ತೂ ನರ್ಸಬಾಯಿ ಕರದಿದ್ರೇನು?"

"ಹೂಂ. ಉರಿ ನಿಂದ್ರವಲ್ದು." ಕಾಶಪ್ಪ ರೊಟ್ಟಿ ಮುರಿದ.

"ಹನ್ನೊಂದು ದಿನ ಆತು. ಭಾರಿ ಉರಿ ಬಿಡ್ರಿ ಅದು."

ಶಹಾಬಾದಿನ ಕಲ್ಲಿನ ಖಣಿಯ ಸಾಹುಕಾರ ಬಸವಂತರಾಯ ಮಗಳ ಬಾಣಂತನಕ್ಕೆಂದು ಮುಂಬಯಿಯಿಂದ ಗ್ಯಾಸಿನ ಹಂಡೆ ತರಿಸಿದ್ದ. ಹಿತ್ತಲಲ್ಲಿ ಕಾರ್ಬೈಡಿನ ಪೀಪಾಯಿ, ಅಲ್ಲಿಂದ ಬಚ್ಚಲಮನೆಗೆ ಕೊಳವೆ. ನಲ್ಲಿ ತಿರುಗಿಸಿದರೆ ಸುಡು ಸುಡು ನೀರು. ಊರಲ್ಲಿ ಗ್ಯಾಸು ಬಲ್ಲವನು ಕಾಶಪ್ಪ ಒಬ್ಬನೇ. ಖಣಿಗೆ ಸೇರುವ ಮೊದಲು ವಾಡಿ ಜಂಕ್ಷನ್ನಿನಲ್ಲಿ ರೈಲು ಡಬ್ಬಿಗಳ ಗ್ಯಾಸ್ ದೀಪ ನೋಡಿಕೊಂಡಿದ್ದ. ಭಾಗಮ್ಮ ಅದೇ ಮನೆಯಲ್ಲಿ ಕಸ-ಮುಸುರೆಗೆ ಹೋಗುತ್ತಿದ್ದಳು. ಬಾಣಂತಿಯನ್ನು ನೋಡಿಕೊಳ್ಳಲು ನರ್ಸ್ ಲಲಿತಾಬಾಯಿ ಬಂದಿದ್ದಳು. ಹೈದರಾಬಾದಿನಲ್ಲಿ ಕಲಿತವಳು. ಬಿಳಿ ಸೀರೆ, ಕೈಗಡಿಯಾರ, ಘಮಘಮ ಸಾಬೂನು. ತನ್ನ ಗಂಡನ ಸುದ್ದಿ ಎತ್ತದವಳು.

ದಿನಾ ಸಂಜೆ ಹಂಡೆ ತಣ್ಣಗಾಗಿರುತ್ತಿತ್ತು. ದಿನಾ ಸಂಜೆ ಲಲಿತಾಬಾಯಿ ಕಾಶಪ್ಪನಿಗೆ ಹೇಳಿಕಳಿಸುತ್ತಿದ್ದಳು.

"ಸೂಜಿ ಹಾಕಿ ತೂತು ಸ್ವಚ್ಛ ಮಾಡ್ದೆ," ಎಂದ ಕಾಶಪ್ಪ. "ಕೊಳವಿಯೊಳಗಿನ ನೀರು ತಗದೆ. ಗಾಳಿ ಬರ್ತದಂತ ಕಿಟಕಿಗಿ ಗೋಣಿತಟ್ಟು ಕಟ್ಟಿದೆ. ಮುಂಜಾನಿ ಜಳಕದ ತನಕ ಛಲೋ ಇರ್ತದ, ಸಂಜಿಕ ನೋಡಿದ್ರ ಸತ್ತಿರ್ತದ. ಕೆಳಗ ಒಂದು ಸಣ್ಣ..."

"ನರ್ಸಬಾಯಿ ಒಳಗ ಎಷ್ಟೊತ್ತು ಇದ್ಳು? ಅಷ್ಟ ಹೇಳ್ರಿ."

"ಕಂದೀಲು ಹಿಡಕೊಂಡು ನಿಂತಿದ್ಳು. ಕೈ ತೊಳಕೊಳ್ಳಾಕ ಸಾಬೂನು ಕೊಟ್ಳು. ಸಾಕಾ?" ಅವನು ತಾಟು ಸರಿಸಿ ಬೀಡಿ ಸೇದಲು ಹೊರಗೆ ಹೋದ.

ಭಾಗಮ್ಮ ಬುಡ್ಡಿದೀಪವನ್ನು ಸೆರಗಿನ ಗಾಳಿಗೆ ಆರಿಸಿ ತಾನೂ ಎದ್ದಳು. ಅವಳ ಹೊಟ್ಟೆಯೊಳಗಿನ ಉರಿಯನ್ನು ಮಾತ್ರ ಯಾವ ಗಾಳಿಯೂ ಮುಟ್ಟಲಿಲ್ಲ. ಕಂದೀಲು ಗೋಡೆಗೆ ತೂಗುಹಾಕಬಹುದಿತ್ತು. ಆ ಬಚ್ಚಲಮನೆಯ ಗೋಡೆಯಲ್ಲಿ ಮೊಳೆ ಇತ್ತು. ಆ ಮೊಳೆ ಅವಳು ಕಂಡಿದ್ದಳು.

ಮರುದಿನ ಸಂಜೆ ಅಂಗಳದ ಆಚೆ ಪಾತ್ರೆ ತಿಕ್ಕುತ್ತ ಕಣ್ಣು ಬಚ್ಚಲಮನೆಯ ಮೇಲಿಟ್ಟಳು. ಇಬ್ಬರೂ ಹಂಡೆಯ ಮುಂದೆ ತಲೆಗೆ ತಲೆ ತಾಗುವಷ್ಟು ಬಗ್ಗಿದ್ದರು. ಕಾಶಪ್ಪ ತಳದಲ್ಲಿ ಏನೋ ತೋರಿಸುತ್ತಿದ್ದ. ಈ ಯಂತ್ರದ ಜೀವವೆಲ್ಲ ಅಲ್ಲಿತ್ತು: ಹಗಲೂ ರಾತ್ರಿ ಉರಿಯಬೇಕಾದ, ಜೋಳದ ಕಾಳಿನಷ್ಟು ಕಿಡಿ. ನಲ್ಲಿ ತಿರುಗಿಸಿದಾಗ ದೊಡ್ಡ ಉರಿ ಹೊತ್ತುವುದು ಅದರಿಂದಲೇ. ಮಾತು ಅಂಗಳ ದಾಟಲಿಲ್ಲ; ಲಲಿತಾಬಾಯಿಯ ನಗು ದಾಟಿತು. ಭಾಗಮ್ಮನ ಕೈಯಲ್ಲಿದ್ದ ತಂಬಿಗೆ ಕಲ್ಲಿಗೆ ಬಡಿದು ನೆಗ್ಗಿತು.

ಅದರ ಮರುದಿನ ಸಂಜೆ ಮತ್ತೆ ಹಂಡೆ ಸತ್ತಿತ್ತು. ಕೂಸಿಗೆ ತಣ್ಣೀರು ತಾಗಿ ಸೀನು ಹತ್ತಿತು. ಬಸವಂತರಾಯ ಎಲ್ಲರನ್ನೂ ಪಡಸಾಲೆಗೆ ಕರೆದ.

"ಕಾಶಪ್ಪ, ನಿನಗ ಬರ್ತದೋ ಇಲ್ಲೋ? ನಾಳಿ ಸಂಜಿಕ ಹಿಂಗ ಆತಂದ್ರ ಖಣಿಗೂ ಬರಬ್ಯಾಡ."

"ಯಂತ್ರದಾಗ ದೋಷ ಇಲ್ರಿ ಸಾವ್ಕಾರ್ರೆ," ಎಂದ ಕಾಶಪ್ಪ. "ಎಲ್ಲಾ ಬಿಚ್ಚಿ ನೋಡೀನಿ. ಯಾರೋ ಬೇಕಂತ ಆರಸ್ಲಿಕತ್ತಾರ."

ಭಾಗಮ್ಮ ಮುಂದೆ ಬಂದಳು.

"ನಾ ನೋಡೀನ್ರಿ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ನರ್ಸಬಾಯಿ ಬಚ್ಚಲಕ್ಕ ಹೋಗಿ ಹಂಡಿ ಮ್ಯಾಲ ಕೈ ಆಡಿಸ್ತಿದ್ರು. ಯಾಕಂತ ನಾ ಹ್ಯಾಂಗ ಹೇಳ್ಲಿ? ಸಂಜಿಕ ಯಾರನ್ನ ಕರೀತಾರ, ನೀವ ನೋಡ್ರಿ."

ಲಲಿತಾಬಾಯಿ ಮಧ್ಯಾಹ್ನ ಬಚ್ಚಲಿಗೆ ಹೋಗಿದ್ದು ನಿಜ, ಕೂಸಿನ ಬಟ್ಟೆ ಒಗೆಯಲು. ಉಳಿದದ್ದು ಭಾಗಮ್ಮ ಸೇರಿಸಿದ್ದು. ಸುಳ್ಳು ಎಂದು ಅವಳಿಗೆ ಅನ್ನಿಸಲಿಲ್ಲ; ಕಾಣದಿದ್ದರೇನು, ಹಾಗೆ ನಡೆದೇ ಇರಬೇಕು.

ಬೆಳಿಗ್ಗೆ ಟಾಂಗಾ ಬಂತು. ಲಲಿತಾಬಾಯಿ ಅಳಲಿಲ್ಲ. ಹತ್ತುವ ಮುಂಚೆ ಭಾಗಮ್ಮನ ಹತ್ತಿರ ನಿಂತಳು.

"ನಾ ಮುಟ್ಟಿಲ್ಲ. ಆರಿಸೋರು ಇನ್ನೂ ಈ ಮನಿಯಾಗೇ ಅದಾರ. ನಿನ್ನ ಗಂಡನ ಅನ್ನದ ಪ್ರಶ್ನಿ, ನೀನಾದ್ರೂ ಕಣ್ಣಿಟ್ಟು ನೋಡವ್ವ."

"ನೋಡ್ತೀನಿ, ನೋಡ್ತೀನಿ," ಎಂದಳು ಭಾಗಮ್ಮ. ಟಾಂಗಾ ಸ್ಟೇಷನ್ನಿನ ದಾರಿ ಹಿಡಿಯುವವರೆಗೂ ಕಣ್ಣು ಕೀಳಲಿಲ್ಲ.

ಕಾಶಪ್ಪ ಹೆಂಡತಿಯ ಮುಖ ನೋಡದೆ ಒಳಗೆ ಹೋದ. ಹಂಡೆ ಹೊತ್ತಿಸಿ ಕೈ ಒರೆಸಿಕೊಳ್ಳುತ್ತ ಬಂದ. "ಇನ್ನ ಆರಂಗಿಲ್ರಿ ಸಾವ್ಕಾರ್ರೆ," ಎಂದ.

"ಆರಿದ್ರ ನನಗ ಮಾರಿ ತೋರಿಸಬ್ಯಾಡ," ಎಂದ ಬಸವಂತರಾಯ.

ಬಾಣಂತಿಯ ಜಳಕ ಸುಸೂತ್ರವಾಗಿ ಆಯಿತು. ಮಧ್ಯಾಹ್ನ ಮನೆಯೆಲ್ಲ ಮಲಗಿತು. ಭಾಗಮ್ಮ ಕಸಬರಿಗೆ ಹಿಡಿದು ದಿನದಂತೆ ಬಚ್ಚಲಮನೆಗೆ ಬಂದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ಒಂದು ಸೋಬಾನೆ ಪದ ಬಂತು. ನೆಲ ತೊಳೆದಳು, ಮಣೆ ಗೋಡೆಗೆ ಒರಗಿಸಿದಳು. ಗೂಡಿನಲ್ಲಿ ಲಲಿತಾಬಾಯಿ ಮರೆತುಹೋದ ಸಾಬೂನಿನ ತುಂಡಿತ್ತು. ಅದನ್ನು ಮೋರಿಗೆ ಎಸೆದಳು. ಗಂಡ ಇನ್ನು ಸಂಜೆಗೆ ನೆಟ್ಟಗೆ ಮನೆಗೇ ಬರುತ್ತಾನೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ ನೋಡಿದಳು. ಈ ದೊಡ್ಡವರ ಮನೆಯಲ್ಲಿ ಯಾರಿಗೂ ಜೋಪಾನವೆಂಬುದಿಲ್ಲ, ಯಾರೂ ಇಲ್ಲದ ಕೋಣೆಯಲ್ಲಿ ಹಾಡುಹಗಲೇ ದೀಪ ಬಿಟ್ಟು ಹೋಗುತ್ತಾರೆ. ಐನಾಪುರದ ಅವಳ ತವರುಮನೆ ಸುಟ್ಟುಹೋದದ್ದು ಹಾಗೆ ಬಿಟ್ಟ ಒಂದು ದೀಪದಿಂದಲೇ.

ಭಾಗಮ್ಮ ಹಂಡೆಯ ತಳಕ್ಕೆ ಬಗ್ಗಿ, ದಿನಾ ಮಾಡುವಂತೆ ಕೈಮುಗಿದು, ಜೋಳದ ಕಾಳಿನಷ್ಟು ಉರಿಯನ್ನು ಸೆರಗು ಬೀಸಿ ಶಾಂತ ಮಾಡಿದಳು.