ವಾಸ್ತು ಪಂಡಿತನ ಕರಿಕೋಟು

ಭೂಮಿಯನ್ನು ಸುತ್ತುವ ಅಂತರಿಕ್ಷ ಬಡಾವಣೆಯಲ್ಲಿ ಪೂರ್ವ ದಿಕ್ಕು ಒಂದೆಡೆ ನಿಲ್ಲದೆ ವಾಮನಮೂರ್ತಿಯ ವಾಸ್ತು ವ್ಯಾಪಾರ ನೆಗೆದುಬಿತ್ತು. ಅವನು ಗಡ್ಡ ಬೋಳಿಸಿ, ಬಾಹ್ಯಾಕಾಶ ಕಾನೂನು ಓದಿ, ಕರಿಕೋಟು ತೊಟ್ಟು ಆಫೀಸು ತೆರೆದ.

ಮೊದಲ ಕಕ್ಷಿದಾರ, ದಾವಣಗೆರೆ ಮೂಲದ ಗುರುಲಿಂಗಪ್ಪ, ತೇಲುತ್ತ ಒಳಬಂದ.

“ವಕೀಲ್ರೇ, ಬಾಗ್ಲು ಯಾವಾಗ್ಲೂ ಪೂರ್ವಕ್ಕೇ ಇರ್ಬೇಕು ಅಂತ ಒಬ್ಬ ಗಡ್ಡದ ಪಂಡಿತ ಹೇಳಿದ. ಅದಕ್ಕೇ ಮನೆಗೆ ಮೋಟ್ರು ಹಾಕಿ ತಿರುಗಿಸ್ತಾ ಇದೀನಿ. ಹೆಂಡ್ತಿ ವಾಂತಿ ಮಾಡಿ ಮಾಡಿ ತವರಿಗೆ ಹೋದ್ಲು. ಆ ಪಂಡಿತನ್ನ ಜೈಲಿಗೆ ಹಾಕಿಸ್ಬೇಕು!”

ವಾಮನಮೂರ್ತಿ ಬೆವರಿದ. ಆದರೂ ಗಂಭೀರವಾಗಿ, “ಖಂಡಿತ ಹಾಕಿಸೋಣ,” ಎಂದ. “ಮೊದಲು ಈ ಕಡೆ ತಿರುಗಿ ಕೂತ್ಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿ ದೂರು ಕೊಡ್ಬಾರ್ದು, ಕೇಡು.”

ಗುರುಲಿಂಗಪ್ಪ ತಿರುಗಲಿಲ್ಲ. ವಕೀಲರ ನುಣ್ಣನೆಯ ಗದ್ದವನ್ನೇ ದಿಟ್ಟಿಸತೊಡಗಿದ.