ಸಪ್ಪಳವಿಲ್ಲದ ತಂತಿ

ಕಿರ್ರ್.

ಅಂಬರೀನ ಹಾಸಿಗೆಯಲ್ಲಿ ಎದ್ದು ಕೂತಳು. ಹನ್ನೊಂದೂವರೆ. ಪಕ್ಕದ ಮನೆಯಲ್ಲಿ ಸ್ವಪ್ನಾ ಬೇಸ್ ಗಿಟಾರ್ ಹಿಡಿದು ಕೂತಿದ್ದಾಳೆ. ಆರ್ಕೆಸ್ಟ್ರಾದಲ್ಲಿ ಬಾರಿಸುವವಳು, ಮನೆಯಲ್ಲಿ ರಾತ್ರಿಯ ಅಭ್ಯಾಸ. ಸ್ಪೀಕರಿಗೆ ಜೋಡಿಸದ ಬೇಸಿನ ಸ್ವರ ಹೊರಗೆ ಕೇಳುವುದಿಲ್ಲ. ಒರಟು ತಂತಿಯ ಮೇಲೆ ಬೆರಳು ಜಾರಿದಾಗಿನ ಈ ಕಿರುಗುಟ್ಟುವಿಕೆ ಮಾತ್ರ ಬೀದಿಯವರೆಗೂ ಬರುತ್ತದೆ.

ಪರದೆ ಸರಿಸಿದಳು. ಇವತ್ತೂ ಅಲ್ಲೇ ಇದ್ದ. ಸ್ವಪ್ನಾಳ ಗಂಡ ಮಲ್ಲೇಶ, ತನ್ನದೇ ಮನೆಯ ಗೇಟಿನ ಹೊರಗೆ, ಸೈಕಲ್ ಹಿಡಿದು, ಕಿವಿಗೊಟ್ಟು ನಿಂತಿದ್ದ. ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವನು ನೇರ ಒಳಗೆ ಹೋಗುವುದಿಲ್ಲ. ಸದ್ದು ನಿಲ್ಲುವವರೆಗೆ ಕಾಯುತ್ತಾನೆ. ನಿಂತ ಮೇಲೂ ಕಾಯುತ್ತಾನೆ. ಆಮೇಲೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗೇಟನ್ನು ತುಸು ಎತ್ತಿ ಸದ್ದಾಗದಂತೆ ತೆರೆದು, ಬೆಕ್ಕಿನ ಹಾಗೆ ಒಳಗೆ ಹೋಗುತ್ತಾನೆ.

ಕೆಲವು ರಾತ್ರಿ ಏನೂ ಆಗುವುದಿಲ್ಲ. ಈ ರಾತ್ರಿ ಆಯಿತು. ಪಾತ್ರೆ ಉರುಳಿತು. ತಂತಿ ಗಾಳಿ ಸೀಳಿದ ಸುಂಯ್ ಸದ್ದು, ಆರು ಸಲ. ಕೊನೆಗೆ, ಬಾಯಿಗೆ ಬಟ್ಟೆ ತುರುಕಿಕೊಂಡಂಥ ನರಳಾಟ.

ಬೆಳಿಗ್ಗೆ ನಲ್ಲಿಯ ಬಳಿ ಸ್ವಪ್ನಾ ನಗುತ್ತಲೇ ಮಾತಾಡಿದಳು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಹಳಿಯಾಳಕ್ಕೆ ಮದುವೆಯಾಗಿ ಹೋದ ಅಕ್ಕ, ಯಾಸ್ಮೀನ ಆಪಾಳ ಮುಖದ ಮೇಲೂ ಇರಲಿಲ್ಲ. ಗಂಡ ಹೊಡೆದ ಬರೆಗಳೆಲ್ಲ ಬೆನ್ನ ಮೇಲಿದ್ದವು. ಆಪಾ ಒಮ್ಮೆ ತೋರಿಸಿದ್ದಳು. ಅಂಬರೀನ ಯಾರಿಗೂ ಹೇಳಿರಲಿಲ್ಲ. ಆರು ವಾರದ ಮೇಲೆ ಆಪಾಳ ಮಯ್ಯತ್ತಿಗೆ, ಮಣ್ಣಿಗೆ, ಹೋಗಿ ಬಂದಿದ್ದಳು.

ಹತ್ತು ಗಂಟೆಗೆ ಮಲ್ಲೇಶ ಅವಳ ಅಂಗಡಿಗೇ ಬಂದ. ತಂದೆ ಖಾಜಾಸಾಬ ಬಿಟ್ಟುಹೋದ ವಾದ್ಯಗಳ ಅಂಗಡಿ. ಏಪ್ರಿಲ್ ಬಿಸಿಲಲ್ಲೂ ಮಲ್ಲೇಶ ತುಂಬು ತೋಳಿನ ಅಂಗಿ ತೊಟ್ಟಿದ್ದ. ಬಲಗೈಯ ಬೆರಳ ಗಂಟುಗಳು ಒಡೆದಿದ್ದವು.

"ಕೈಗೇನಾತ್ರಿ?"

"ಬಾಗಲಾ ಬಡೀತ್ರಿ, ಅಕ್ಕಾರ."

ಕಿಸೆಯಿಂದ ಸುರುಳಿ ಸುತ್ತಿದ ಹಳೆಯ ತಂತಿ ತೆಗೆದಿಟ್ಟ. ಅದರ ಮೇಲೆ ಕಂದು ಕಲೆ ಒಣಗಿತ್ತು.

"ತುಕ್ಕು," ಅಂದ, ಅವಳು ಕೇಳುವ ಮೊದಲೇ. "ಇದನ್ನ ಎಲ್ಲೆರೆ ಒಗೀರಿ. ಮನ್ಯಾಗ ಇರೂದು ಬ್ಯಾಡ. ಹೊಸಾ ಸೆಟ್ ಕೊಡ್ರಿ."

ಅಂಬರೀನ ಎರಡು ಕವರ್ ಮುಂದಿಟ್ಟಳು. ಒಂದರ ತಂತಿಗೆ ದುಂಡು ಎಳೆ ಸುತ್ತಿರುತ್ತದೆ. ಸ್ಕ್ರೂವಿನ ಹಾಗೆ ಗೀರುಗೀರು, ಸ್ವರ ಚೂಪು, ಬೆರಳು ಸರಿದರೆ ಕಿರುಗುಟ್ಟುತ್ತದೆ. ಇನ್ನೊಂದಕ್ಕೆ ಚಪ್ಪಟೆ ಪಟ್ಟಿ ಸುತ್ತಿರುತ್ತದೆ. ಗಾಜಿನಂತೆ ನುಣುಪು, ಸ್ವರ ಮೆತ್ತಗೆ, ಬೆರಳಿನ ಸುಳಿವೇ ಸಿಗುವುದಿಲ್ಲ.

"ಈ ನುಣುಪಂದು ಒಯ್ರಿ. ಹಾಡಿನ ಹಿಂದ ಛಂದ ಕೂಡ್ತೈತಿ. ಸ್ವಪ್ನಾನ ಬೆರಳೂ ಉಳೀತಾವ."

"ಬ್ಯಾಡ್ರಿ." ಅವನು ಬೀದಿಯತ್ತ ನೋಡಿದ. "ಕಿರ್ ಅನ್ನೂದ ಬೇಕು. ಆಕಿ ಕುಂತಾಳೋ ಇಲ್ಲೋ, ನನಗ ಗೇಟಿನ್ಯಾಗ ಗೊತ್ತಾಗಬೇಕು."

"ಹೆಂಡ್ತಿ ಮ್ಯಾಲೆ ಭಾಳ ಕಾವಲ ಬಿಡ್ರಿ ನಿಮ್ಮದು."

ಅವನು ನಗಲಿಲ್ಲ. "ಎಲ್ಲಾರ ಮನಿ ಒಂದ ಥರಾ ಇರೂದಿಲ್ರಿ."

ಅವನ ಚೀಲದಿಂದ ಹೊಸ ಚಿಲಕವೊಂದು ಇಣುಕುತ್ತಿತ್ತು. ಗೇಣುದ್ದದ ಕಬ್ಬಿಣ. ಹೆಣ್ಣೊಬ್ಬಳನ್ನು ಕೂಡಿಹಾಕಲು ಅಷ್ಟು ಬೇಕೇ?

ಅವನು ಮೂಲೆಯ ಕೊಡದಿಂದ ನೀರು ಕುಡಿಯಲು ತಿರುಗಿದ. ಅಂಬರೀನ ಒರಟು ತಂತಿಯ ಕವರಿನೊಳಗೆ ನುಣುಪು ತಂತಿಗಳನ್ನು ಸೇರಿಸಿ ಅಂಟಿಸಿದಳು. ಸದ್ದೇ ಇಲ್ಲದಿದ್ದರೆ ಅವನು ಹೊಂಚುವುದು ಯಾವುದನ್ನು ಕೇಳಿ? ನಾಳೆ ಪೊಲೀಸರ ಬಳಿ ಹೋಗುವುದೆಂದೂ ನಿಶ್ಚಯಿಸಿದಳು. ಒಂದು ರಾತ್ರಿ ದಾಟಿದರೆ ಸಾಕು.

ಸಂಜೆ ಸ್ವಪ್ನಾ ಕಂಪೌಂಡಿನ ಮೇಲೆ ಮೊಣಕೈಯೂರಿ ಕರೆದಳು. "ಅಕ್ಕಾರ, ಎಂಥಾ ತಂತಿ ಕೊಟ್ಟೀರಿ! ರೇಷ್ಮಿ ಮುಟ್ಟಿದಂಗ ಐತಿ. ಒಂದೀಟೂ ಕಿರ್ ಅನ್ನವಲ್ದು."

"ಮಲ್ಲೇಶಗ ಹೇಳಬ್ಯಾಡ, ತಂಗಿ."

"ನಾ ಯಾಕ ಹೇಳ್ಲಿ?" ಸ್ವಪ್ನಾ ನಕ್ಕಳು. "ಅವಂಗ ಸಂಗೀತ ಎಲ್ಲಿ ತಿಳೀತೈತಿ."

ರಾತ್ರಿ ಮಲ್ಲೇಶ ಗೇಟಿಗೆ ಬಂದು ಕಿವಿಗೊಟ್ಟ. ಏನೂ ಇಲ್ಲ. ಅವನ ಭುಜಗಳು ಇಳಿದವು. ಸೋತ, ಅಂದುಕೊಂಡಳು ಅಂಬರೀನ. ಅವನು ಹೆಚ್ಚು ಕಾಯಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ಒಳಗೆ ಹೋದ.

ದಪ್ ಎಂದಿತು. ಒಂದೇ ಸಲ. ಅವಳು ಕಿಟಕಿಗೆ ಕಿವಿಯಿಟ್ಟು ಕೂತಳು. ಎರಡನೆಯದು ಬರಲಿಲ್ಲ, ನರಳಾಟವೂ ಇಲ್ಲ. ಇಷ್ಟಕ್ಕೇ ಮುಗಿಯಿತಲ್ಲ, ಅಂದುಕೊಂಡಳು. ಬಹಳ ದಿನಗಳ ಮೇಲೆ ನಿದ್ದೆ ಬಂತು.

ಬೆಳಿಗ್ಗೆ ಎದುರು ಮನೆಯ ಕೆಂಚವ್ವ ಬಾಗಿಲು ಬಡಿದಳು. "ಅಂಬರೀನಾ, ಏಳ ಯವ್ವಾ! ಮಲ್ಲೇಶನ ಮನ್ಯಾಗ ಖೂನ್ ಆಗೇತಿ. ಗಿಟಾರಿಲೆ ಹೊಡದು ತಲಿ ಒಡದಾರಂತ."

ಬರಿಗಾಲಲ್ಲಿ ಓಡಿದಳು. ಆಪಾ, ಮತ್ತೆ ತಡಮಾಡಿದೆ. ಆದರೆ ಈ ಸಲ ಸುಮ್ಮನಿರುವುದಿಲ್ಲ. ಗೇಟಿನಲ್ಲಿದ್ದ ಪೊಲೀಸ್ ಅಧಿಕಾರಿಯ ಎದುರು ನಿಂತು, ಏದುಸಿರಿನಲ್ಲೇ ಹೇಳಿದಳು: "ಸಾಹೇಬ್ರ, ಈ ಮನ್ಯಾಗಿನ ಹೊಡತಾ ನಾ ಎಷ್ಟ ರಾತ್ರಿ ಕೇಳೇನ್ರಿ. ಹೇಳೂದೈತಿ ನನಗ."

"ಒಳಗ ಬರ್ರಿ, ಹೇಳ್ರಿ."

ಪಡಸಾಲೆಯಲ್ಲಿ ಹೆಣ ಬೋರಲಾಗಿ ಬಿದ್ದಿತ್ತು. ಚಪ್ಪಲಿ ಇನ್ನೂ ಕೈಯಲ್ಲೇ ಇದ್ದವು. ಹರಿದ ಅಂಗಿಯೊಳಗೆ ಬೆನ್ನ ತುಂಬ ಬರೆಗಳು, ಸ್ಕ್ರೂವಿನ ಹಾಗೆ ಗೀರುಗೀರು. ಹಳೆಯವುಗಳ ಮೇಲೆ ಹೊಸವು. ಅವನಿಂದ ಮೂರು ಹೆಜ್ಜೆ ದೂರದಲ್ಲಿ ಪುಟ್ಟ ಕೋಣೆ, ಒಂದು ಚಾಪೆ, ಒಂದೇ ದಿಂಬು. ಅದರ ಬಾಗಿಲಿಗೆ ಗೇಣುದ್ದದ ಹೊಸ ಚಿಲಕ. ಒಳಬದಿಗೆ.

ಕುರ್ಚಿಯಲ್ಲಿ, ಮಹಿಳಾ ಪೇದೆಯ ಪಕ್ಕ, ಸ್ವಪ್ನಾ ಚಹಾ ಕುಡಿಯುತ್ತಿದ್ದಳು. ತಲೆಯೆತ್ತಿ ಅಂಬರೀನಳನ್ನು ನೋಡಿ ಮೆಲ್ಲಗೆ ಅಂದಳು: "ತಂತಿ ಭಾಳ ಛಲೋ ಅದಾವ, ಅಕ್ಕಾರ. ನಾ ಮಲಗೇನಿ ಅಂತ ತಿಳದು ಬಂದ."

"ಏನೋ ಹೇಳೂದೈತಿ ಅಂದ್ರೆಲ್ಲಾ?" ಎಂದು ಅಧಿಕಾರಿ ಕೇಳಿದ.

"ಏನಿಲ್ರೀ, ಸಾಹೇಬ್ರ," ಅಂದಳು ಅಂಬರೀನ. ಕವರಿನ ಮಾತನ್ನು ಬದುಕಿರುವವರೆಗೆ ಯಾರಿಗೂ ಹೇಳಬಾರದೆಂದು ಅವಳು ಅಷ್ಟರಲ್ಲೇ ನಿರ್ಧರಿಸಿಯಾಗಿತ್ತು.