ಗುಬ್ಬಿಯ ಚಹರೆ

ಲೇಖಕಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ. ಕೈಯಲ್ಲಿ ಇನ್ನೂ ಪೆನ್ನು.

"ಮಗಳು ಕಾಣ್ತಿಲ್ಲ ಸಾರ್."

ಬೆಳಿಗ್ಗೆ ಏಳಕ್ಕೆ ಬರೆಯಲು ಕುಳಿತವಳು ಹನ್ನೊಂದಕ್ಕೆ ತಲೆ ಎತ್ತಿದ್ದಳು. ಮನೆ ಖಾಲಿ. ಗಂಡ ಹಡಗಿನಲ್ಲಿ ಎಂಜಿನಿಯರ್, ನಡುಸಮುದ್ರದಲ್ಲಿದ್ದ. ಅಕ್ಕಪಕ್ಕದವರು ಯಾರೂ ಹುಡುಗಿಯನ್ನು ಕಂಡಿರಲಿಲ್ಲ.

ಇನ್ಸ್‌ಪೆಕ್ಟರ್ ಆಕೆಯನ್ನು ನೋಡಿದ ಕೂಡಲೇ ಎದ್ದು ನಿಂತ. ಮಕ್ಕಳಿರುವ ಮನೆಯವರಿಗೆಲ್ಲ ಆಕೆ ಗೊತ್ತು. ಒಂಟಿಯಾಗಿ ಗಗನನೌಕೆ ನಡೆಸುವ, ಯಂತ್ರಮಾನವರ ಸೊಕ್ಕು ಮುರಿಯುವ ಪುಟ್ಟ ಹುಡುಗಿ ಗುಬ್ಬಿಯ ಸಾಹಸಗಳು ಇಪ್ಪತ್ತೆರಡು ಪುಸ್ತಕಗಳಾಗಿ ಬಂದಿದ್ದವು. ಇನ್ಸ್‌ಪೆಕ್ಟರ್‌ನ ಮಗಳು ಊಟ ಬಿಟ್ಟಾಳು, ಗುಬ್ಬಿಯನ್ನು ಬಿಡಳು.

"ಕೂತ್ಕೊಳ್ಳಿ ಮೇಡಂ. ಹುಡುಗಿ ಹೇಗಿದ್ದಾಳೆ, ನಿಧಾನವಾಗಿ ಹೇಳಿ."

"ಹನ್ನೊಂದು ವರ್ಷ. ಗಿಡ್ಡಕ್ಕೆ ಕತ್ತರಿಸಿದ ಕೂದಲು. ಎಡಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಆರು ಜೇಬಿನ ನೀಲಿ ಜಾಕೆಟ್ಟು. ಕಣ್ಣು ನೋಡಿದ್ರೇ ಗೊತ್ತಾಗುತ್ತೆ, ಯಾರಿಗೂ ಹೆದರೋಳಲ್ಲ."

ಒಂದೇ ಉಸಿರಿಗೆ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಗಾಬರಿಯಲ್ಲಿ ಮಕ್ಕಳ ವಯಸ್ಸನ್ನೇ ಮರೆತು ಕೂರುವ ಎಷ್ಟೋ ತಂದೆತಾಯಿಯರನ್ನು ಕಂಡಿದ್ದ ಇನ್ಸ್‌ಪೆಕ್ಟರ್‌ಗೆ ಆಕೆಯ ಮೇಲೆ ಇದ್ದ ಗೌರವ ಇಮ್ಮಡಿಯಾಯಿತು.

"ಫೋಟೋ?"

ಆಕೆ ಚೀಲದಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮುಖಪುಟದಲ್ಲಿ ನೀಲಿ ಜಾಕೆಟ್ಟಿನ ಗುಬ್ಬಿ ಚಂದ್ರನ ಮೇಲೆ ಕಾಲಿಟ್ಟು ನಿಂತಿದ್ದಳು. "ಮೊದಲನೇ ಪುಸ್ತಕಕ್ಕೆ ಚಿತ್ರ ಬರೆಯೋವಾಗ ಕಲಾವಿದರು ನನ್ನ ಮಗಳನ್ನೇ ಎದುರಿಗೆ ಕೂರಿಸ್ಕೊಂಡಿದ್ರು. ಗುಬ್ಬಿ ಅನ್ನೋದೂ ಮನೇಲಿ ಇವಳನ್ನ ಕರೆಯೋ ಹೆಸರೇ. ಕಥೆಯವಳು ಬೇರೆ, ಇವಳು ಬೇರೆ ಅಲ್ಲ ಸಾರ್."

"ಹಾಗಾದ್ರೆ ಒಳ್ಳೇದೇ ಆಯ್ತು. ಇವಳ ಮುಖ ಯಾರಿಗೆ ಗೊತ್ತಿಲ್ಲ? ಮೈಕಲ್ಲಿ ಕೂಗೋಕೂ ಅದೇ ಹೆಸರಿರಲಿ. ಜಗಳ ಗಿಗಳ ಏನಾದ್ರೂ ಆಗಿತ್ತಾ?"

"ಇಲ್ಲ. ಬೆಳಿಗ್ಗೆ ಬಂದು ಏನೋ ಕೇಳಿದ್ಲು. ಗುಬ್ಬಿ ಶನಿಗ್ರಹ ಮುಟ್ಲಿ ತಾಳು, ಆಮೇಲೆ ಅಂದೆ."

"ಏನು ಕೇಳಿದ್ಲು?"

ಆಕೆ ಬಹಳ ಹೊತ್ತು ಯೋಚಿಸಿದಳು. ಜ್ಞಾಪಕಕ್ಕೆ ಬರಲಿಲ್ಲ.

ಇನ್ಸ್‌ಪೆಕ್ಟರ್ ಚುರುಕಾದ. ಏಳನೇ ಪುಸ್ತಕದಲ್ಲಿ ಗುಬ್ಬಿ ಗೂಡ್ಸ್ ರೈಲಿನ ಮೂರನೇ ಡಬ್ಬಿಯಲ್ಲಿ ಅಡಗಿ ರಾಕೆಟ್ ಹಾರಿಸುವ ಮೈದಾನಕ್ಕೆ ಹೋಗುತ್ತಾಳೆ. ಇಬ್ಬರು ಪೇದೆಗಳು ಗೂಡ್ಸ್ ಯಾರ್ಡಿಗೆ ಓಡಿದರು. ಹದಿನೈದನೆಯದರಲ್ಲಿ ನೀರಿನ ಟ್ಯಾಂಕ್ ಹತ್ತಿ ನಕ್ಷತ್ರಗಳಿಗೆ ಸಂಕೇತ ಕಳಿಸುತ್ತಾಳೆ. ಅಲ್ಲಿಗೊಬ್ಬ ಡೊಳ್ಳುಹೊಟ್ಟೆಯ ಪೇದೆ ಹೋದ. ಹತ್ತುವುದನ್ನು ಹೇಗೋ ಹತ್ತಿದ, ಇಳಿಸಲು ಅಗ್ನಿಶಾಮಕದವರು ಬರಬೇಕಾಯಿತು. ಬಸ್ ನಿಲ್ದಾಣದ ಮೈಕಿನಲ್ಲಿ ಹನ್ನೊಂದೂವರೆಯಿಂದ ಅರ್ಧ ಗಂಟೆಗೊಮ್ಮೆ ಗುಬ್ಬಿಯ ಚಹರೆ ಕೂಗತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಮೊದಲ ಗುಬ್ಬಿ ಸಿಕ್ಕಳು. ಗಿಡ್ಡ ಕೂದಲು, ನೀಲಿ ಜಾಕೆಟ್ಟು, ಹುಬ್ಬಿನ ಮೇಲೆ ಗುರುತು ಎಲ್ಲ ಸರಿ. ಗುರುತು ಮಾತ್ರ ಪೆನ್ನಿನದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಹೊಸ ಓದುಗರು ತಬ್ಬಿಬ್ಬಾಗಬಾರದೆಂದು ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಗುಬ್ಬಿಯ ಚಹರೆಯನ್ನು ಅಕ್ಷರ ಬದಲಿಸದೆ ಬರೆಯುವುದು ಲೇಖಕಿಯ ಪದ್ಧತಿ. ಅದನ್ನು ಬಾಯಿಪಾಠ ಮಾಡಿ ಊರಿನ ಅರ್ಧ ಹುಡುಗಿಯರು ಕೂದಲು ಕತ್ತರಿಸಿಕೊಂಡಿದ್ದರು.

ನಾಲ್ಕು ಗಂಟೆಗೆ ಠಾಣೆಯಲ್ಲಿ ಹನ್ನೊಂದು ಗುಬ್ಬಿಗಳು. ಹಿಂದೆಯೇ ಬೊಬ್ಬೆ ಹೊಡೆಯುತ್ತ ಹನ್ನೊಂದು ತಾಯಂದಿರು. ಲೇಖಕಿ ಸಾಲಾಗಿ ನಿಂತ ಒಂದೊಂದೇ ಮುಖವನ್ನು ನೋಡುತ್ತ ಬಂದಳು. "ಅಲ್ಲ. ಇವಳೂ ಅಲ್ಲ." ಒಬ್ಬಳಂತೂ ಆಕೆಯ ಕೈಯಲ್ಲಿದ್ದ ಪೆನ್ನು ನೋಡಿ ಹಸ್ತಾಕ್ಷರ ಕೇಳಿದಳು. ಆಕೆ ಹಾಕಿಯೂ ಕೊಟ್ಟಳು. ಆಮೇಲೆ ಗೋಡೆಗೆ ತಲೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ನನಗೆ ಅವಳು ಬೇಕು ಸಾರ್. ಪುಸ್ತಕ ಗಿಸ್ತಕ ಎಲ್ಲ ಹಾಳಾಗಿ ಹೋಗ್ಲಿ. ಅವಳೊಬ್ಬಳು ಸಿಕ್ಕಿದ್ರೆ ಸಾಕು."

ಆ ಅಳುವಿನಲ್ಲಿ ಕಪಟವಿರಲಿಲ್ಲ. ಪಕ್ಕದಲ್ಲಿದ್ದ ಮಹಿಳಾ ಪೇದೆಯೂ ಕಣ್ಣೊರೆಸಿಕೊಂಡಳು.

ಆರು ಗಂಟೆ ದಾಟಿದ ಮೇಲೆ ಬಸ್ ನಿಲ್ದಾಣದಿಂದ ಫೋನ್ ಬಂತು. ಮೈಕಿನಲ್ಲಿ ಕೂಗುವ ಹೆಂಗಸು ಸಂಕೋಚದಿಂದಲೇ ಮಾತಾಡಿದಳು. "ನೀವು ಹುಡುಕ್ತಿರೋ ಗುಬ್ಬಿ ಅಲ್ಲ ಸಾರ್, ಇದು ಬೇರೆ. ಒಂದು ಹುಡುಗಿ ಬೆಳಿಗ್ಗೆಯಿಂದ ಮೈಕಿನ ಕೆಳಗಿನ ಬೆಂಚಲ್ಲೇ ಕೂತಿದೆ. ಯಾವ ಬಸ್ಸೂ ಹತ್ತಲ್ಲ. ಕೇಳಿದ್ರೆ ಬಾಯಿ ಬಿಡಲ್ಲ. ನನ್ನ ಡ್ಯೂಟಿ ಮುಗೀತು, ಹೀಗೆ ಬಿಟ್ಟು ಹೋಗೋಕೆ ಮನಸ್ಸಾಗ್ತಿಲ್ಲ."

"ಒಂದು ಹೋಗಿ ಎರಡಾಯ್ತು," ಎಂದು ಗೊಣಗುತ್ತ ಇನ್ಸ್‌ಪೆಕ್ಟರ್ ಜೀಪು ಹತ್ತಿದ. ಠಾಣೆಯಲ್ಲಿ ಒಬ್ಬಳೇ ಕೂರಲಾರದೆ ಲೇಖಕಿಯೂ ಹತ್ತಿದಳು.

ಬೆಂಚಿನ ಮೇಲೆ ದಪ್ಪ ಗಾಜಿನ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಸೊಂಟ ಮುಟ್ಟುವ ಎರಡು ಜಡೆ, ಹಳದಿ ಫ್ರಾಕು. ಹನ್ನೊಂದು ದಾಟಿ ಎರಡು ವರ್ಷವಾದರೂ ಆಗಿರಬೇಕು. ಬಸ್ಸೊಂದು ಹಾರ್ನ್ ಹಾಕಿದ್ದಕ್ಕೆ ಬೆಚ್ಚಿ ಚೀಲವನ್ನು ಅವಚಿಕೊಂಡಳು. ಇನ್ಸ್‌ಪೆಕ್ಟರ್ ಅವಳ ಹೆಸರು ಕೇಳಲು ಬಗ್ಗಿದ. ಅಷ್ಟರಲ್ಲಿ ಹಿಂದಿನಿಂದ ಓಡಿ ಬಂದ ಲೇಖಕಿ ಅವನನ್ನು ತಳ್ಳಿಕೊಂಡು ಹೋಗಿ ಆ ಹುಡುಗಿಯನ್ನು ಬಾಚಿ ತಬ್ಬಿಕೊಂಡಳು.

"ಹದಿನಾಲ್ಕು ಸಲ ಕೂಗಿದ್ರಮ್ಮ," ಎಂದಳು ಮಗಳು, "ಒಂದು ಸಲನಾದ್ರೂ ನನ್ನನ್ನ ಹುಡುಕ್ತೀಯೇನೋ ಅಂತ ಕಾಯ್ತಾ ಇದ್ದೆ."